ಪಾರ್ಟಿ ಬಸ್ಸಿಗೊಬ್ಬ ಕಂಡಕ್ಟರ್

ನಮ್ಮ ದೊಡ್ಡಪ್ಪನಿಗೆ 75 ತುಂಬಿದಾಗ ಮನೆಯಲ್ಲಿ ಎರಡು ಪಕ್ಷಗಳಾದವು. ದೊಡ್ಡಮ್ಮನದು ಹೋಮದ ಪಕ್ಷ, ಮೊಮ್ಮಕ್ಕಳದು ಕೇಕಿನ ಪಕ್ಷ. ಹೋಮ ನಕ್ಷತ್ರ ನೋಡಿಕೊಂಡು ಒಂದು ಬುಧವಾರ ಮುಗಿಯಿತು. ರಜೆ ಸಿಕ್ಕಿದವರಷ್ಟೇ ಬಂದು ಪಾಯಸ ಕುಡಿದು ಹೋದರು. ಕೇಕಿಗೆ ಶನಿವಾರ ಸಂಜೆ ಅಂತಾಯಿತು. ಆದರೆ ಎಲ್ಲಿ? ನಮ್ಮ ಸಂಸಾರ ಬನಶಂಕರಿ, ಕೆಂಗೇರಿ, ಯಲಹಂಕ, ವೈಟ್‌ಫೀಲ್ಡ್ ಅಂತ ಚೆಲ್ಲಾಪಿಲ್ಲಿಯಾಗಿದೆ. ಯಾವ ಹೋಟೆಲ್ ಹೇಳಿದರೂ ಯಾರೋ ಒಬ್ಬರು 'ಅಯ್ಯೋ, ಅಷ್ಟು ದೂರಾನಾ' ಅನ್ನುತ್ತಿದ್ದರು. ಕೊನೆಗೆ ತಂಗಿಯ ಮಗಳು, 'ಪಾರ್ಟಿ ಬಸ್ ಮಾಡೋಣ. ಅವರವರ ಸ್ಟಾಪಲ್ಲಿ ಹತ್ತಿಕೊಳ್ಳಲಿ' ಅಂದಳು.

ಬಸ್ ಮಾಡುವುದು ನಮಗೆ ಹೊಸದೇನಲ್ಲ. ಮೊದಲೆಲ್ಲ ಮದುವೆಗೆ ಬಸ್ ಮಾಡಿಕೊಂಡೇ ಹೋಗುತ್ತಿದ್ದೆವು. ಮುಂದೆ ಬಾಳೆಕಂದು, ಚಕ್ರಕ್ಕೆ ನಿಂಬೆಹಣ್ಣು, ಒಳಗೆ ಅಂತ್ಯಾಕ್ಷರಿ, ಕೊನೇ ಸೀಟಿನಲ್ಲಿ ಇಸ್ಪೀಟು, ಮಧ್ಯದಲ್ಲಿ ಯಾವುದಾದರೂ ಮಗುವಿನ ವಾಂತಿ. ಅದೂ ಪಾರ್ಟಿ ಬಸ್ಸೇ ಅಲ್ವಾ? ಈಗಿನದರಲ್ಲಿ ಸೀಟುಗಳು ಮೆಟ್ರೋದಲ್ಲಿದ್ದ ಹಾಗೆ ಎದುರುಬದುರು. ನಡುವೆ ಕುಣಿಯೋಕೆ ಜಾಗ. ಮೇಲೆ ಬಣ್ಣ ಬದಲಿಸುವ ದೀಪ, ಮೂಲೆಯಲ್ಲಿ ಹೊಗೆ ಬಿಡುವ ಒಂದು ಡಬ್ಬಿ. ಆ ಹೊಗೆ ಬೆಂಗಳೂರಿನ ಬಸ್ಸಿಗೆ ಬೇಕಿತ್ತೇ ಎಂದು ನನಗೆ ಈಗಲೂ ಗೊತ್ತಾಗಿಲ್ಲ.

ಟ್ರಾವೆಲ್ಸಿಗೆ ಫೋನ್ ಮಾಡಿದ್ದು ನಾನು. ಆ ಕಡೆಯ ಹುಡುಗ ಒಂದೇ ಉಸಿರಿನಲ್ಲಿ ಹೇಳಿದ: 'ಮಿನಿಮಮ್ ನಾಲ್ಕು ಗಂಟೆ ಸಾರ್. ಗ್ಯಾರೇಜ್ ಟು ಗ್ಯಾರೇಜ್. ಡ್ರೈವರ್ ಬಾಟ, ಪಾರ್ಕಿಂಗ್, ಟೋಲ್ ನಿಮ್ದು. ಬಣ್ಣದ ಚೂರು ಹಾರಿಸಿದ್ರೆ ಕ್ಲೀನಿಂಗ್ ಬೇರೆ. ಕುಡಿಯೋ ಹಾಗಿಲ್ಲ. ಹತ್ತು ಗಂಟೆ ಮೇಲೆ ಸೌಂಡ್ ಬೇಡ, ಪೊಲೀಸ್ರು ಹಿಡೀತಾರೆ.' ಗ್ಯಾರೇಜ್ ಟು ಗ್ಯಾರೇಜ್ ಅಂದರೆ ಬಸ್ಸು ಅವರ ಶೆಡ್ ಬಿಟ್ಟ ಗಳಿಗೆಯಿಂದ ವಾಪಸ್ ಶೆಡ್ ಸೇರುವವರೆಗೂ ಮೀಟರು ನಮ್ಮ ತಲೆಯ ಮೇಲೆ. ನಾವು ಹತ್ತುವ ಮೊದಲೇ ಪಾರ್ಟಿ ಶುರು, ಇಳಿದ ಮೇಲೂ ಪಾರ್ಟಿ.

ಇದನ್ನು ಕೇಳಿ ದೊಡ್ಡಪ್ಪ, 'ಖಾಲಿ ಬಸ್ ಓಡೋದಕ್ಕೆ ನಮ್ಮಲ್ಲಿ ಡೆಡ್ ಕಿಲೋಮೀಟರ್ ಅಂತಿದ್ರು. ಅದಕ್ಕೂ ದುಡ್ಡು ಕೊಡ್ತೀಯೇನೋ?' ಎಂದರು. ನಮ್ಮಲ್ಲಿ ಅಂದರೆ ಡಿಪೋದಲ್ಲಿ. ದೊಡ್ಡಪ್ಪ ಕಂಡಕ್ಟರಾಗಿದ್ದವರು.

ಅವರು ಕೆಲಸಕ್ಕೆ ಸೇರಿದಾಗ ಊರಿನ ಬಸ್ಸಿಗೆ ಬಿಟಿಎಸ್ ಅಂತ ಹೆಸರು. 'ಬಿಟ್ರೆ ತಿರ್ಗಾ ಸಿಗಲ್ಲ' ಅಂತ ಜನ ಅದನ್ನು ಬಿಡಿಸಿ ಹೇಳುತ್ತಿದ್ದರು. 1997ರಲ್ಲಿ ಅದು ಬಿಎಂಟಿಸಿ ಆಯಿತು. ದೊಡ್ಡಪ್ಪನ ಕಂಕುಳಲ್ಲಿದ್ದ ಚರ್ಮದ ಬ್ಯಾಗು, ಕಿವಿಯ ಮೇಲಿನ ಪೆನ್ನು, ಬೆರಳ ಸಂದಿಯಲ್ಲಿ ಉದ್ದಕ್ಕೆ ಮಡಚಿದ ನೋಟು ಮಾತ್ರ ಹಾಗೇ ಉಳಿದವು. ಚಿಲ್ಲರೆ ಇಲ್ಲದಿದ್ದರೆ ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಟ್ಟು 'ಇಳಿಯುವಾಗ ಇಸ್ಕೊಳಿ' ಅನ್ನುವುದು ಕಂಡಕ್ಟರ ಧರ್ಮ. ಇಳಿಯುವಾಗ ಮರೆಯುವುದು ಪ್ರಯಾಣಿಕರ ಧರ್ಮ. ನನ್ನ ಕಾಲೇಜಿನ ಪುಸ್ತಕಗಳಲ್ಲಿ ಅಂಥ ಟಿಕೆಟ್ಟುಗಳು ಈಗಲೂ ಸಿಗುತ್ತವೆ. ಹಿಂದೆ 'ಮೂರು ರೂ.' ಎಂದು ಬರೆದು, ಕೆಳಗೊಂದು ಗೀಟು.

ಶನಿವಾರ ಆರು ಗಂಟೆಗೆ ಬಸ್ಸು ಬಂತು. ನಮ್ಮ ಕ್ರಾಸಿನೊಳಗೆ ತಿರುಗಲಿಲ್ಲ. ಎರಡೂ ಕಡೆ ಕಾರು ನಿಲ್ಲಿಸಿದ್ದರು. ಹಾಗಾಗಿ ಪುಳಿಯೋಗರೆ, ಮೊಸರನ್ನ, ಕೋಡುಬಳೆ ಡಬ್ಬ, ಕೇಕು, ದೊಡ್ಡಮ್ಮನ ಮಂಡಿನೋವು ಎಲ್ಲವನ್ನೂ ಮೆಲ್ಲಗೆ ಮೇನ್ ರೋಡಿಗೆ ಸಾಗಿಸಿದೆವು. ದೊಡ್ಡಮ್ಮ ಬಸ್ಸು ನೋಡಿದವರೇ ಪರ್ಸು ತೆಗೆದು, 'ಆಧಾರ್ ಕಾರ್ಡ್ ತಂದಿದೀನಿ ಕಣೋ. ಹೆಂಗಸರಿಗೆ ಫ್ರೀ ಅಲ್ವಾ?' ಎಂದರು. ತಮಾಷೆಗೆ ಅಂದರೋ ನಿಜಕ್ಕೂ ಅಂದರೋ, ಅವರ ಮುಖ ನೋಡಿದರೆ ಗೊತ್ತಾಗುವುದಿಲ್ಲ.

ದೊಡ್ಡಪ್ಪ ಒಳಗೆ ಕಾಲಿಟ್ಟು ದೀಪ ನೋಡಲಿಲ್ಲ, ಸ್ಪೀಕರ್ ನೋಡಲಿಲ್ಲ. ಡ್ರೈವರನ್ನು ಕೇಳಿದರು: 'ಎಷ್ಟು ಸೀಟಿಗೆ ಪಾಸಿಂಗ್ ಆಗಿದೆಯಪ್ಪಾ?'

'ಇಪ್ಪತ್ತೈದು ಯಜಮಾನ್ರೇ.'

'ಸರಿ, ನಾವು ಇಪ್ಪತ್ಮೂರು.' ಆಮೇಲೆ ಅವರ ಮುಖದಲ್ಲಿ ಸಮಾಧಾನ ಕಂಡಿತು.

ಹುಟ್ಟುಹಬ್ಬದವರಿಗೆಂದು ಹಿಂದೆ ಬಲೂನು ಕಟ್ಟಿದ ದೊಡ್ಡ ಸೀಟಿತ್ತು. ಅದರಲ್ಲಿ ಮೇಖ್ರಿ ಸರ್ಕಲ್‌ವರೆಗೂ ಅವರು ಕೂರಲಿಲ್ಲ. ಮುಂದಿನ ಬಾಗಿಲ ಹತ್ತಿರ, ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಇಟ್ಟು, ಕಂಬಿಗೆ ಸೊಂಟ ಆನಿಸಿ ನಿಂತರು. ಹುಡುಗರು ಹಾಡು ಹಾಕಿ ಕುಣಿಯತೊಡಗಿದ್ದರು. ಸೌತ್ ಎಂಡ್ ಸರ್ಕಲ್‌ನಲ್ಲಿ ಡ್ರೈವರ್ ಬ್ರೇಕ್ ಹಾಕಿದ. ಕುಣಿಯುತ್ತಿದ್ದ ಆರು ಜನ ಚಿಕ್ಕಮ್ಮನ ಮಡಿಲಿಗೆ ಬಂದು ಬಿದ್ದರು. ಚಿಕ್ಕಮ್ಮನ ಮಡಿಲಲ್ಲಿ ಕೇಕಿನ ಪೆಟ್ಟಿಗೆ ಇತ್ತು. ದೊಡ್ಡಪ್ಪ ಅಲ್ಲಾಡಲಿಲ್ಲ. ಎರಡೂ ಕೈ ಖಾಲಿ, ಮೈ ಮಾತ್ರ ಬಸ್ಸಿನ ಜೊತೆ ಒಂದು ಗೇಣು ಹೋಗಿ ಒಂದು ಗೇಣು ಬಂತು. ಓಡುವ ಬಸ್ಸಿನಲ್ಲಿ ಏನನ್ನೂ ಹಿಡಿಯದೆ ನಿಂತು, ಲೆಕ್ಕ ಹಾಕಿ, ಟಿಕೆಟ್ ಹರಿದು, ಜಗಳವನ್ನೂ ಆಡಿದ ದೇಹ ಅದು. ಆ ಬಸ್ಸಿನಲ್ಲಿ ಕುಣಿಯಲು ಅರ್ಹತೆ ಇದ್ದದ್ದು ಅವರೊಬ್ಬರಿಗೇ, ಅವರು ಕುಣಿಯಲಿಲ್ಲ ಅಷ್ಟೆ.

ಮಿನರ್ವದಿಂದ ಟೌನ್‌ಹಾಲ್ ಮುಟ್ಟಲು ಬೇಕಾದ ಹೊತ್ತನ್ನು ಇಲ್ಲಿ ಬರೆಯುವುದಿಲ್ಲ. ಬೆಂಗಳೂರಿನವರಿಗೆ ಗೊತ್ತು, ಹೊರಗಿನವರು ನಂಬುವುದಿಲ್ಲ. ಆದರೆ ಅವತ್ತು ಒಂದು ವಿಚಿತ್ರ ಆಯಿತು. ಯಾರೂ ಟ್ರಾಫಿಕ್ಕನ್ನು ಬೈಯಲಿಲ್ಲ. ಹೋಗಬೇಕಾದ ಊರೇ ಇಲ್ಲದಿದ್ದರೆ ತಡವಾಗುವುದು ಹೇಗೆ? ಬಸ್ಸು ನಿಂತಾಗಲೇ ಪುಳಿಯೋಗರೆ ಹಂಚಿದ್ದು, ದೊಡ್ಡಮ್ಮ ಹಾಡಿದ್ದು.

ಕೆಂಗೇರಿಯವನೂ ವೈಟ್‌ಫೀಲ್ಡಿನವನೂ ಮೆಟ್ರೋದಲ್ಲಿ ಬಂದಿದ್ದರು. ನೇರಳೆ ಮಾರ್ಗ ಒಬ್ಬನನ್ನು ಆ ಕಡೆಯಿಂದ, ಇನ್ನೊಬ್ಬನನ್ನು ಈ ಕಡೆಯಿಂದ ತಂದು ವಿಧಾನಸೌಧದ ಹತ್ತಿರ ಬಿಟ್ಟು ಅರ್ಧ ಗಂಟೆಯಾಗಿತ್ತು. ಬಸ್ಸು ಸರಿಯಾಗಿ ನಿಲ್ಲಿಸುವ ಜಾಗವಲ್ಲ ಅದು. ದೊಡ್ಡಪ್ಪ ಬಾಗಿಲು ತೆಗೆದು, 'ಬೇಗ ಹತ್ರೀ, ಒಳಗೆ ಹೋಗ್ರೀ, ಒಳಗೆ ಜಾಗ ಇದೆ' ಎಂದು ಸ್ವಂತ ಮಕ್ಕಳಿಗೆ 'ರೀ' ಹಾಕಿ ಕೂಗಿದರು. ಆಮೇಲೆ ತಗಡಿಗೆ ಎರಡು ಸಲ ಬಡಿದು 'ರೈಟ್!' ಎಂದರು. ಡ್ರೈವರ್ ಯೋಚಿಸದೆ ಗೇರ್ ಹಾಕಿದ. ಅಲ್ಲಿಂದ ಮುಂದೆ ಆ ಬಸ್ಸು ನಮ್ಮ ಮಾತು ಕೇಳಲಿಲ್ಲ.

ಮೇಖ್ರಿ ಸರ್ಕಲ್ ಹತ್ತಿರ ಕೆಂಪೇಗೌಡ ಗೋಪುರವಿದೆ. ಊರಿನ ನಾಲ್ಕು ಗಡಿ ಗೋಪುರಗಳಲ್ಲಿ ಒಂದು. ಊರು ಇಲ್ಲಿಗೆ ನಿಲ್ಲಬೇಕು ಅಂತ ಇತ್ತಂತೆ. ಊರು ನಿಲ್ಲಲಿಲ್ಲ, ನಮ್ಮ ಬಸ್ಸು ನಿಂತಿತು. ಚೆನ್ನಾಗಿ ನಿಂತಿತು. ಕೇಕ್ ಕತ್ತರಿಸಲು ಇದಕ್ಕಿಂತ ಒಳ್ಳೆಯ ಮುಹೂರ್ತ ಇಲ್ಲ ಎಂದು ಚಪ್ಪಟೆಯಾಗಿದ್ದ ಕೇಕನ್ನು ಹೊರಗೆ ತೆಗೆದೆವು. ಎಡಕ್ಕೆ ಒಂದು ಬಿಎಂಟಿಸಿ ಬಸ್ಸು ಬಂದು ಅಂಟಿಕೊಂಡಿತು. ಅದರಲ್ಲಿ ಜನ ಒಬ್ಬರ ಮೇಲೊಬ್ಬರು. ಕಂಡಕ್ಟರ್ ಕಿಟಕಿಯಿಂದ ನಮ್ಮ ನೀಲಿ, ಗುಲಾಬಿ ದೀಪಗಳನ್ನೇ ನೋಡುತ್ತಿದ್ದ. ದೊಡ್ಡಪ್ಪ ಮೊದಲ ಚೂರನ್ನು ಟಿಶ್ಯೂ ಕಾಗದದಲ್ಲಿಟ್ಟುಕೊಂಡು ಬಾಗಿಲು ತೆಗೆಸಿ, ಕೈ ಚಾಚಿ ಅವನಿಗೆ ಕೊಟ್ಟರು.

'ಯಾವ ಡಿಪೋನಪ್ಪಾ?'

ಅವನು ಏನೋ ಹೇಳಿದ. ಅಷ್ಟರಲ್ಲಿ ಹಿಂದಿನವರ ಹಾರ್ನ್ ಶುರುವಾಗಿ ನಮಗೆ ಕೇಳಿಸಲಿಲ್ಲ. ದೊಡ್ಡಪ್ಪನಿಗೆ ಕೇಳಿಸಿತು ಅನಿಸುತ್ತದೆ. ಅವರು ಬಂದು ಬಲೂನಿನ ಸೀಟಿನಲ್ಲಿ ಕೂತರು. ದೊಡ್ಡಮ್ಮ ಬಾಯಿಗೆ ಕೇಕ್ ಇಟ್ಟರು.

ಹೆಬ್ಬಾಳದಲ್ಲಿ ಯಲಹಂಕದವಳನ್ನು ಹತ್ತಿಸಿಕೊಂಡು ತಿರುಗಿದೆವು. ಅವಳಿಗೆ ಕೇಕ್ ಉಳಿದಿರಲಿಲ್ಲ. ಆ ಬೇಸರ ಇನ್ನೂ ಇದೆ, ಇರಲಿ.

ಬನಶಂಕರಿಗೆ ಬಂದಾಗ ಲೆಕ್ಕಕ್ಕಿಂತ ಅರ್ಧ ಗಂಟೆ ಜಾಸ್ತಿಯಾಗಿತ್ತು. ಅರ್ಧ ಗಂಟೆಯಾದರೂ ಒಂದು ಗಂಟೆಯ ರೇಟು ಅಂದ ಡ್ರೈವರ್. ಬಾಕಿ ಹಣ ಕ್ಯಾಶಿನಲ್ಲೇ ಕೊಡಬೇಕು ಎಂದು ಮೊದಲೇ ಹೇಳಿದ್ದರು. ನಾನು ನೋಟು ಎಣಿಸಿ ಕೊಟ್ಟೆ. 150 ರೂಪಾಯಿ ವಾಪಸ್ ಬರಬೇಕಿತ್ತು. ಅವನು ಜೇಬು ತಡಕಿ, 'ಚಿಲ್ಲರೆ ಇಲ್ಲ ಸಾರ್' ಎಂದ. ನಾನು ಹೋಗಲಿ ಬಿಡಿ ಅನ್ನುವಷ್ಟರಲ್ಲಿ ದೊಡ್ಡಪ್ಪ ನನ್ನ ಕೈಯಿಂದ ಬಿಲ್ಲು ತಗೊಂಡರು. ಡ್ರೈವರನ ಪೆನ್ನು ಇಸ್ಕೊಂಡು, ಅದರ ಹಿಂದೆ '150' ಎಂದು ಬರೆದು, ಕೆಳಗೆ ಒಂದು ಗೀಟು ಎಳೆದು ವಾಪಸ್ ಕೊಟ್ಟರು.

ಬಿಲ್ಲು ನನ್ನ ಪರ್ಸಲ್ಲಿದೆ. ಇಳಿಯುವಾಗ ಇಸ್ಕೊಳ್ಳೋಕೆ ಮರೆತೆ.