ಹೊಟ್ಟೆ ಕಟ್ಟಿ ಒಂಬತ್ತು ಡರ್ಬಿ ಗೆದ್ದವನು

ರೇಸ್ ಅಂದ ತಕ್ಷಣ ನಮ್ಮಲ್ಲಿ ಶುರುವಾಗುವುದು ಇದ್ದಬದ್ದದ್ದನ್ನೆಲ್ಲ ಕುದುರೆ ಬಾಲಕ್ಕೆ ಕಟ್ಟಿದವರ ಕತೆ. ಬೆಂಗಳೂರಲ್ಲೂ ಅಷ್ಟೇ, ಮೈಸೂರಲ್ಲೂ ಅಷ್ಟೇ. ಕುದುರೆ ಮೇಲೆ ಕೂತವನ ಪಾಡೇನು ಅಂತ ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಜಾಕಿಯ ನಿಜವಾದ ಎದುರಾಳಿ ಪಕ್ಕದ ಕುದುರೆಯಲ್ಲ, ತೂಕದ ಯಂತ್ರ. ಅದಕ್ಕೆ ಇಂಗ್ಲೆಂಡಿನ ಲೆಸ್ಟರ್ ಪಿಗಟ್ ಬದುಕೇ ಸಾಕ್ಷಿ.

ಆಸಾಮಿ ಹುಟ್ಟಿದ್ದು 1935ರಲ್ಲಿ. ಅಪ್ಪ, ತಾತ ಇಬ್ಬರೂ ಕುದುರೆ ಕಸುಬಿನವರೇ. ಮೊದಲ ರೇಸ್ ಗೆದ್ದಾಗ ವಯಸ್ಸು 12, ಇಂಗ್ಲೆಂಡಿನ ಹೆಸರಾಂತ ರೇಸ್ ಡರ್ಬಿಯನ್ನು ಮೊದಲ ಸಲ ಗೆದ್ದಾಗ 18. ಅಲ್ಲಿಂದ 1983ರವರೆಗೆ ಒಟ್ಟು 9 ಡರ್ಬಿ. ಫ್ರಾನ್ಸಿನ ದೊಡ್ಡ ರೇಸ್ ಆರ್ಕ್ 3 ಸಲ. ಅಮೆರಿಕಕ್ಕೂ ಹೋಗಿ ದೊಡ್ಡ ದೊಡ್ಡ ರೇಸ್ ಗೆದ್ದ. ಬ್ರಿಟನ್ನಿನಲ್ಲೇ ಗೆದ್ದ ರೇಸ್‌ಗಳು 4,493!

ಆದರೆ ಎತ್ತರ ನೋಡಿ, ಹತ್ತಿರ ಹತ್ತಿರ 5 ಅಡಿ 8 ಅಂಗುಲ. ಜಾಕಿಗೆ ಅದು ಜಾಸ್ತಿಯೇ. ಯಾವ ಕುದುರೆ ಎಷ್ಟು ಭಾರ ಹೊರಬೇಕು ಅನ್ನುವುದು ಮೊದಲೇ ಗೊತ್ತಾಗಿರುತ್ತದೆ. ರೇಸಿಗೆ ಮುಂಚೆ ಜೀನು ಹಿಡಿದುಕೊಂಡೇ ತೂಕಕ್ಕೆ ನಿಲ್ಲಬೇಕು, ಗೆದ್ದ ಮೇಲೂ ನಿಲ್ಲಬೇಕು. ಕಡಿಮೆ ಇದ್ದರೆ ಸೀಸದ ತುಂಡು ಸೇರಿಸಬಹುದು, ಜಾಸ್ತಿ ಇದ್ದರೆ ಮೈಯನ್ನೇ ಕರಗಿಸಬೇಕು. ಪಿಗಟ್ ವರ್ಷಗಟ್ಟಲೆ 53-54 ಕೆಜಿಯಲ್ಲೇ ಇದ್ದ. ಕಾಫಿ, ಚುರುಟು, ಬೆವರು. ಮದುವೆ ಮನೆಯಲ್ಲಿ ಎರಡನೇ ಹೋಳಿಗೆ ಬೇಡ ಅನ್ನಲಾಗದ ನಮಗೆ ಇದು ಅರ್ಥವಾಗುವುದು ಕಷ್ಟ, ಅಲ್ವಾ?

ಸಾಧು ಮನುಷ್ಯನೇನಲ್ಲ. 1979ರಲ್ಲಿ ಫ್ರಾನ್ಸಿನ ಡೋವಿಲ್‌ನಲ್ಲಿ ರೇಸ್ ನಡುವೆ ಚಾಟಿ ಕೈಜಾರಿದಾಗ ಪಕ್ಕದ ಜಾಕಿಯ ಚಾಟಿಯನ್ನೇ ಕಿತ್ತುಕೊಂಡ! ಸಿಕ್ಕಿದ್ದು ಅಮಾನತು. ಇನ್ನು 1981ರಲ್ಲಿ ಎಪ್ಸಮ್‌ನಲ್ಲಿ ಕುದುರೆ ಅವನನ್ನು ಸ್ಟಾರ್ಟಿಂಗ್ ಗೇಟಿನ ಅಡಿಯಿಂದ ಎಳೆದುಕೊಂಡು ಹೋಗಿ ಕಿವಿ ಹರಿದೇ ಹೋಗುವಂತಾಗಿತ್ತು. ಹೊಲಿಗೆ ಹಾಕಿಸಿಕೊಂಡ ಅದೇ ಮನುಷ್ಯ ಒಂದೇ ವಾರದಲ್ಲಿ 1000 ಗಿನೀಸ್ ಅನ್ನುವ ದೊಡ್ಡ ರೇಸ್ ಗೆದ್ದ.

1985ರಲ್ಲಿ ಸವಾರಿ ಬಿಟ್ಟ, ತರಬೇತುದಾರನಾದ. 1987ರಲ್ಲಿ ತೆರಿಗೆ ವಂಚನೆಗೆ 3 ವರ್ಷ ಶಿಕ್ಷೆಯಾಯಿತು. ಒಳಗಿದ್ದದ್ದು 366 ದಿನ. ಸರ್ಕಾರ ಕೊಟ್ಟಿದ್ದ ಒಬಿಇ ಗೌರವವೂ ಹೋಯಿತು.

ಇಷ್ಟಕ್ಕೆ ಕತೆ ಮುಗಿಯಬೇಕಿತ್ತು. 1990ರ ಅಕ್ಟೋಬರ್‌ನಲ್ಲಿ, 54ನೇ ವಯಸ್ಸಿನಲ್ಲಿ, ಮತ್ತೆ ಕುದುರೆ ಹತ್ತಿದ. ಹಳೆಯ ಜೊತೆಗಾರ, ತರಬೇತುದಾರ ವಿನ್ಸೆಂಟ್ ಓಬ್ರಯನ್ ಕರೆದು ಕುದುರೆಗಳನ್ನು ಕೊಟ್ಟ. ಐರ್ಲೆಂಡಿನ ಕರ‍್ರಾದಲ್ಲಿ ಒಂದೇ ದಿನ 4 ಗೆಲುವು. ಮರಳಿ ಬಂದ 12ನೇ ದಿನಕ್ಕೆ ನ್ಯೂಯಾರ್ಕಿನ ಬೆಲ್ಮಾಂಟ್ ಪಾರ್ಕ್‌ನಲ್ಲಿ ಬ್ರೀಡರ್ಸ್ ಕಪ್ ಮೈಲ್ ಅನ್ನುವ ದೊಡ್ಡ ರೇಸ್. ಕುದುರೆ ರಾಯಲ್ ಅಕಾಡೆಮಿ. ಅದರ ಅಪ್ಪ ನಿಜಿನ್ಸ್‌ಕಿ ಯಾರು ಗೊತ್ತಾ? 1970ರಲ್ಲಿ ಇದೇ ಪಿಗಟ್ ಟ್ರಿಪಲ್ ಕ್ರೌನ್, ಅಂದರೆ ಒಂದೇ ವರ್ಷ ಮೂರು ದೊಡ್ಡ ರೇಸ್ ಗೆಲ್ಲಿಸಿದ ಕುದುರೆ. ಬೆಲ್ಮಾಂಟಿನಲ್ಲಿ ಆವತ್ತು ತಿರುವಿನ ಹತ್ತಿರ ರಾಯಲ್ ಅಕಾಡೆಮಿ ಮುಗ್ಗರಿಸಿ ಹಿಂದೆ ಬಿತ್ತು. ಬೇರೆ ಯಾರಾದರೂ ಗಾಬರಿಯಾಗಿ ಚಾಟಿ ಬೀಸುತ್ತಿದ್ದರೇನೋ. ಈತ ಕುದುರೆ ಸಾವರಿಸಿಕೊಳ್ಳಲಿ ಅಂತ ಬಿಟ್ಟು, ಆಮೇಲೆ ಹೊರಗಡೆಯಿಂದ ನುಗ್ಗಿಸಿಕೊಂಡು ಬಂದು ಬರೀ ಒಂದು ಕತ್ತಿನಷ್ಟು ಅಂತರದಲ್ಲಿ ಗೆದ್ದ.

1992ರಲ್ಲಿ 2000 ಗಿನೀಸ್ ಕೂಡ ಗೆದ್ದ, 56ರ ವಯಸ್ಸಲ್ಲಿ! 2022ರಲ್ಲಿ ತೀರಿಕೊಂಡಾಗ, ಆ ಒಬಿಇ ವಾಪಸ್ ಕೊಡಬೇಕಿತ್ತು ಅಂತ ಹಲವರು ಅಂದರು. ನನ್ನನ್ನು ಕೇಳಿದರೆ ಬೇಡ. ತೆರಿಗೆ ಕದ್ದ, ಶಿಕ್ಷೆ ಅನುಭವಿಸಿದ, ಆ ಲೆಕ್ಕ ಅಲ್ಲಿಗೆ ಚುಕ್ತಾ. ಇನ್ನು ಸವಾರಿಯ ವಿಷಯಕ್ಕೆ ಬಂದರೆ, ಬೆಲ್ಮಾಂಟಿನ ಆ ರೇಸಿನ ವಿಡಿಯೊ ಯೂಟ್ಯೂಬ್‌ನಲ್ಲಿ ಸಿಗುತ್ತದೆ, ಕೊನೆಯ ಅರ್ಧ ನಿಮಿಷ ನೋಡಿ ಸಾಕು.