ಬಾರ್ಬಡಿಯೊದಲ್ಲಿ ಇನ್ನೊಂದು ಮಂಚ ಹಾಕಿ

ಪೆರು ದೇಶದ ನ್ಯಾಯಾಧೀಶರಿಗೆ ಆ ವಾರ ಬಿಡುವೇ ಇರಲಿಲ್ಲ. 2025ರ ನವೆಂಬರ್ 26, ಬುಧವಾರ, ಮಾಜಿ ಅಧ್ಯಕ್ಷ ಮಾರ್ಟಿನ್ ವಿಸ್ಕಾರ್ರಾ ಅವರಿಗೆ 14 ವರ್ಷ ಜೈಲು. ಮರುದಿನ ಮಾಜಿ ಅಧ್ಯಕ್ಷ ಪೆದ್ರೊ ಕಾಸ್ಟಿಯೊ ಅವರಿಗೆ 11 ವರ್ಷ, 5 ತಿಂಗಳು, 15 ದಿನ. ಆ 15 ದಿನದ ಮೇಲೆ ನನಗೆ ವಿಶೇಷ ಗೌರವ. ಒಬ್ಬ ಅಧ್ಯಕ್ಷ ಎಷ್ಟು ದಿನ ಕುರ್ಚಿಯಲ್ಲಿರುತ್ತಾನೆಂದು ಹೇಳಲಾಗದ ದೇಶ, ಜೈಲಿನಲ್ಲಿ ಎಷ್ಟು ದಿನ ಇರಬೇಕೆಂದು ಪಂಚಾಂಗ ನೋಡಿದಷ್ಟು ಕರಾರುವಾಕ್ಕಾಗಿ ಹೇಳುತ್ತದೆ.

ಇಬ್ಬರಿಗೂ ವಿಳಾಸ ಒಂದೇ: ಬಾರ್ಬಡಿಯೊ. ರಾಜಧಾನಿ ಲಿಮಾದ ಪೂರ್ವಕ್ಕೆ ಆತೆ ಎಂಬಲ್ಲಿ, ಪೊಲೀಸ್ ವಿಶೇಷ ಪಡೆಯ ಆವರಣದೊಳಗಿರುವ ಪುಟ್ಟ ಜೈಲು. 2007ರಲ್ಲಿ ಚಿಲಿಯಿಂದ ಹಿಡಿದು ತಂದ ಮಾಜಿ ಅಧ್ಯಕ್ಷ ಆಲ್ಬೆರ್ತೊ ಫುಜಿಮೋರಿ ಒಬ್ಬರಿಗೆಂದೇ ಸಜ್ಜು ಮಾಡಿದ್ದು. ಮುಂದೆ ಅದೇ ಅಧ್ಯಕ್ಷರ ನಿವೃತ್ತಿ ಬಡಾವಣೆಯಾಯಿತು. ಅಲ್ಲಿ ಆಗಲೇ ಅಲೆಹಾಂದ್ರೊ ತೊಲೆದೊ ಇದ್ದರು, ಬ್ರೆಜಿಲಿನ ಒಡೆಬ್ರೆಕ್ಟ್ ಕಂಪನಿಯ ಲಂಚಕ್ಕೆ 20 ವರ್ಷ 6 ತಿಂಗಳು. ಒಯಂತಾ ಉಮಾಲಾ ಇದ್ದರು, ಚುನಾವಣೆಗೆ ಬಂದ ಕಳ್ಳದುಡ್ಡಿಗೆ 15 ವರ್ಷ. ಇಸ್ಪೀಟಿಗೆ ಈಗ ನಾಲ್ಕು ಕೈ ಪೂರ್ತಿ. 2000ದಲ್ಲಿ ಫುಜಿಮೋರಿ ವಿರುದ್ಧ ಬೀದಿ ಮೆರವಣಿಗೆ ನಡೆಸಿ ಹೀರೋ ಆದವರು ತೊಲೆದೊ; ಅದೇ ವರ್ಷ ಅದೇ ಫುಜಿಮೋರಿ ವಿರುದ್ಧ ಸೇನೆಯೊಳಗೆ ದಂಗೆ ಎದ್ದವರು ಉಮಾಲಾ. 2017ರಲ್ಲಿ ವಿಚಾರಣಾಧೀನ ಕೈದಿಯಾಗಿ ಉಮಾಲಾ ಬಾರ್ಬಡಿಯೊಗೆ ಹೋದಾಗ ಫುಜಿಮೋರಿ ಇನ್ನೂ ಅಲ್ಲೇ ಇದ್ದರು. ಬೇರೆ ದೇಶಗಳಲ್ಲಿ ವಿರೋಧಿಗಳನ್ನು ಒಂದೇ ಸೂರಿನಡಿ ತರಲು ಸರ್ವಪಕ್ಷ ಸಭೆ ಕರೆಯುತ್ತಾರೆ.

ಇನ್ನೊಬ್ಬ ಮಾಜಿ ಅಧ್ಯಕ್ಷ ಅಲನ್ ಗಾರ್ಸಿಯಾ ಅಲ್ಲಿಲ್ಲ. 2019ರ ಏಪ್ರಿಲ್ 17ರಂದು ಪೊಲೀಸರು ಬಂಧಿಸಲು ಮನೆಗೆ ಬಂದಾಗ ಅವರು ತಲೆಗೆ ಗುಂಡು ಹಾರಿಸಿಕೊಂಡರು. ಅದರಲ್ಲಿ ತಮಾಷೆ ಏನೂ ಇಲ್ಲ.

ಇನ್ನು ಅರಮನೆಯಿಂದ ಜನರನ್ನು ಆಚೆ ಹಾಕುವ ಯಂತ್ರಕ್ಕೆ ಬರೋಣ, ಅದು ನಿಜಕ್ಕೂ ಸೊಗಸಾದ ಯಂತ್ರ. 1993ರ ಸಂವಿಧಾನದ 113ನೇ ವಿಧಿ: ‘ಶಾಶ್ವತ ನೈತಿಕ ಅಸಾಮರ್ಥ್ಯ’ ಇದೆ ಎಂದು ಸಂಸತ್ತು ಘೋಷಿಸಿದರೆ ಅಧ್ಯಕ್ಷ ಪದವಿ ಖಾಲಿ. ಸಂಸತ್ತಿಗೆ ಒಂದೇ ಸದನವಿದ್ದಾಗ ಬೇಕಾಗಿದ್ದ ಸಾಮಗ್ರಿ ಇಷ್ಟು. ಸಂಸತ್ತಿನ 130 ಸದಸ್ಯರಲ್ಲಿ 26 ಜನ ಸಹಿ ಹಾಕಿದರೆ ನಿಲುವಳಿ ಹುಟ್ಟುತ್ತದೆ. 52 ಮತ ಬಿದ್ದರೆ ಚರ್ಚೆಗೆ ಅಂಗೀಕಾರ. ಆಮೇಲೆ ಮೂರು ದಿನ ಕಾಯಬೇಕು, ಹತ್ತು ದಿನ ಮೀರಬಾರದು. ಅಷ್ಟೂ ತಾಳ್ಮೆ ಇಲ್ಲವೇ? 104 ಮತ ಒಟ್ಟು ಮಾಡಿ, ಈಗಿಂದೀಗಲೇ ಚರ್ಚೆ. ಅಧ್ಯಕ್ಷರು ಬಂದು ಒಂದು ಗಂಟೆ ಮಾತಾಡಬಹುದು, ವಕೀಲರನ್ನೂ ಕರೆತರಬಹುದು. 87 ಮತ ಬಿದ್ದರೆ ಮುಗಿಯಿತು. ತನಿಖೆ ಬೇಡ, ಸಾಕ್ಷಿ ಬೇಡ. ಲಿಮಾದಲ್ಲಿ ಒಂದು ನಲ್ಲಿ ಸಂಪರ್ಕ ಪಡೆಯಲು ಇದಕ್ಕಿಂತ ಹೆಚ್ಚು ಕಾಗದ ಬೇಕಾದೀತು.

ಇಷ್ಟು ಸಲೀಸು ಯಾಕೆ ಎಂದರೆ, ಮುಂಬಾಗಿಲಿಗೆ ಬೀಗ ಹಾಕಿದ್ದಾರೆ. 117ನೇ ವಿಧಿಯ ಪ್ರಕಾರ ಅಧಿಕಾರದಲ್ಲಿರುವ ಅಧ್ಯಕ್ಷರ ಮೇಲೆ ಆರೋಪ ಹೊರಿಸಬೇಕಾದರೆ ದೇಶದ್ರೋಹ ಮಾಡಿರಬೇಕು, ಚುನಾವಣೆ ತಡೆದಿರಬೇಕು, ಸಂಸತ್ತನ್ನು ಅಕ್ರಮವಾಗಿ ವಿಸರ್ಜಿಸಿರಬೇಕು, ಇಲ್ಲವೇ ಅದರ ಅಥವಾ ಚುನಾವಣಾ ಸಂಸ್ಥೆಗಳ ಕೆಲಸಕ್ಕೆ ಅಡ್ಡ ಬಂದಿರಬೇಕು. ಲಂಚ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಎಲ್ಲರೂ ಹಿತ್ತಲ ಬಾಗಿಲಿನಿಂದಲೇ ಓಡಾಡುತ್ತಾರೆ, ಆ ಬಾಗಿಲಿಗೆ ಅಗುಳಿಯೂ ಇಲ್ಲ.

ಈ ‘ನೈತಿಕ’ ಎಂಬುದರ ಅರ್ಥವೇನು? 19ನೇ ಶತಮಾನದ ಸ್ಪ್ಯಾನಿಷ್‌ನಲ್ಲಿ ದೇಹಕ್ಕೆ ಸಂಬಂಧಿಸಿದ್ದು ಒಂದು, ಮನಸ್ಸಿಗೆ ಸಂಬಂಧಿಸಿದ್ದು ಇನ್ನೊಂದು. ಆ ಎರಡನೆಯದಕ್ಕೆ ಬಳಸುತ್ತಿದ್ದ ಪದ ಇದು ಎನ್ನುತ್ತಾರೆ ಅಲ್ಲಿನ ಹಲವು ಸಂವಿಧಾನ ಪಂಡಿತರು. ಅಂದರೆ ಅಧ್ಯಕ್ಷರಿಗೆ ಬುದ್ಧಿ ಭ್ರಮಣೆಯಾದರೆ ಏನು ಮಾಡುವುದು ಎಂಬ ಚಿಂತೆಗೆ ಇಟ್ಟ ಮದ್ದು. ಕಾಲ ಕಳೆದು ಪದ ಉಳಿಯಿತು, ಅರ್ಥ ಬದಲಾಯಿತು. 2020ರ ನವೆಂಬರ್‌ನಲ್ಲಿ ಸಂವಿಧಾನ ನ್ಯಾಯಮಂಡಳಿಯ ಮುಂದೆ ಇದಕ್ಕೊಂದು ಅರ್ಥ ಹೇಳಿ ಎಂಬ ಪ್ರಶ್ನೆ ಬಂತು. ವಿಸ್ಕಾರ್ರಾರನ್ನು ವಜಾ ಮಾಡಿದ್ದರ ವಿರುದ್ಧದ ಪ್ರತಿಭಟನೆಯಲ್ಲಿ ಇಬ್ಬರು ಯುವಕರ ಹೆಣ ಬಿದ್ದು ವಾರವೂ ಆಗಿರಲಿಲ್ಲ. ನ್ಯಾಯಮಂಡಳಿ ನಾಲ್ಕಕ್ಕೆ ಮೂರು ಮತದಿಂದ ತೀರ್ಮಾನಿಸಿದ್ದು ಇದು: ಅರ್ಜಿ ಊರ್ಜಿತವಲ್ಲ, ಅರ್ಥ ಹೇಳುವುದಿಲ್ಲ. ನಿಘಂಟು ಬರೆಯುವವರು ಈ ಧೈರ್ಯ ಕಲಿಯಬೇಕು.

ಹಾಗೆಂದು ಈ ವಿಧಿ ಯಾವತ್ತೂ ಸರಿಯಾಗಿ ಕೆಲಸ ಮಾಡಿಲ್ಲ ಅಂತಲ್ಲ. 2000ದ ನವೆಂಬರ್‌ನಲ್ಲಿ ಫುಜಿಮೋರಿ ಟೋಕಿಯೊದಲ್ಲಿ ಕೂತು ಫ್ಯಾಕ್ಸ್‌ನಲ್ಲಿ ರಾಜೀನಾಮೆ ಕಳಿಸಿದರು. ಸಂಸತ್ತು ಅದನ್ನು ತಿರಸ್ಕರಿಸಿ, ಇದೇ ಕಾರಣ ಕೊಟ್ಟು ವಜಾ ಮಾಡಿತು. ಅದಕ್ಕೆ ಎರಡು ತಿಂಗಳ ಹಿಂದೆ ಅವರ ಗುಪ್ತಚರ ಸಲಹೆಗಾರ ವ್ಲಾದಿಮಿರೊ ಮೊಂತೆಸಿನೊಸ್, ವಿರೋಧ ಪಕ್ಷದ ಸಂಸದನೊಬ್ಬನಿಗೆ ಪಕ್ಷ ಬದಲಿಸಲು 15,000 ಡಾಲರ್ ನೋಟು ಎಣಿಸಿಕೊಡುವ ವಿಡಿಯೊ ಟಿವಿಯಲ್ಲಿ ಬಂದಿತ್ತು. ಆ ವಿಡಿಯೊ ತೆಗೆಸಿದ್ದು ಯಾರು? ಸ್ವತಃ ಮೊಂತೆಸಿನೊಸ್. ನ್ಯಾಯಾಧೀಶರು, ಟಿವಿ ಮಾಲೀಕರು, ಜನರಲ್‌ಗಳು, ಸೋಫಾದ ಮೇಲೆ ಕೂತು ಹಣ ಪಡೆದ ಎಲ್ಲರನ್ನೂ ಆತ ಒಪ್ಪವಾಗಿ ಚಿತ್ರೀಕರಿಸಿ ಕಪಾಟಿನಲ್ಲಿ ಇಟ್ಟುಕೊಂಡಿದ್ದ. ಲಂಚಕ್ಕೆ ರಸೀದಿ ಇಟ್ಟ ಏಕೈಕ ಮಹಾನುಭಾವ. ದಾಖಲೆ ನಿರ್ವಹಣೆಯಲ್ಲಿ ಪೆರುವಿನ ಬೇರೆ ಯಾವ ಇಲಾಖೆಯೂ ಆ ಮಟ್ಟ ಮುಟ್ಟಿಲ್ಲ.

ಆಮೇಲೆ ಮದ್ದು ಚಟವಾಯಿತು. 2016ರಲ್ಲಿ ಗೆದ್ದ ಕುಚಿನ್‌ಸ್ಕಿ 2018ರ ಮಾರ್ಚ್‌ನಲ್ಲಿ ಎರಡನೇ ನಿಲುವಳಿಯ ಮತದಾನಕ್ಕೆ ಮುನ್ನವೇ ರಾಜೀನಾಮೆ ಬಿಸಾಕಿದರು. ಉಪಾಧ್ಯಕ್ಷ ವಿಸ್ಕಾರ್ರಾ ಬಂದರು. ಅವರಿಗೆ ಸಂಸತ್ತಿನಲ್ಲಿ ಸ್ವಂತ ಪಕ್ಷವೇ ಇರಲಿಲ್ಲ. ಭ್ರಷ್ಟಾಚಾರದ ವಿರುದ್ಧ ಕಹಳೆ ಊದಿದರು, ಜನಮತಗಣನೆ ಮಾಡಿಸಿ ಸಂಸದರು ಮರು ಆಯ್ಕೆಯಾಗದಂತೆ ಮಾಡಿದರು, 2019ರ ಸೆಪ್ಟೆಂಬರ್ 30ರಂದು ಸಂಸತ್ತನ್ನೇ ವಿಸರ್ಜಿಸಿದರು. ಜನ ಕುಣಿದರು. ಹೊಸ ಸಂಸತ್ತು ಬಂತು. ಮತ್ತೆ ಗೆಲ್ಲುವಂತೆಯೇ ಇಲ್ಲ ಎಂದಾದಾಗ ಜನರಿಗೆ ಹೆದರುವವರು ಯಾರು? 2020ರ ನವೆಂಬರ್ 9ರಂದು 105 ಮತ ಹಾಕಿ ವಿಸ್ಕಾರ್ರಾರನ್ನು ಕಿತ್ತರು. ಆ ದಿನ ಅವರು ಸದನದಲ್ಲೇ ಕೇಳಿದ್ದರು, ನಿಮ್ಮಲ್ಲಿ 68 ಜನರ ಮೇಲೆ ಕೇಸುಗಳಿವೆಯಲ್ಲ, ನೀವೂ ಹೊರಡುತ್ತೀರಾ ಎಂದು. ಯಾರೂ ಹೊರಡಲಿಲ್ಲ. ಐದು ವರ್ಷದ ನಂತರ, ಮೊಕೆಗುವಾ ಪ್ರಾಂತ್ಯದ ಗವರ್ನರ್ ಆಗಿದ್ದಾಗ ನೀರಾವರಿ ಮತ್ತು ಆಸ್ಪತ್ರೆ ಗುತ್ತಿಗೆಗಳಿಗೆ ಇವರೂ ಲಂಚ ತಿಂದಿದ್ದರು ಎಂದು ನ್ಯಾಯಾಲಯ ಹೇಳಿತು. ಅವರ ನಂತರ ಬಂದ ಮೆರಿನೊ ಐದು ದಿನ ಇದ್ದರು. ಮದುವೆ ಮನೆಗೆ ಬಂದ ನೆಂಟರೂ ಅದಕ್ಕಿಂತ ಹೆಚ್ಚು ದಿನ ಉಳಿಯುತ್ತಾರೆ.

ಕಾಸ್ಟಿಯೊ ಕಥೆ ಇನ್ನೂ ವಿಚಿತ್ರ. ಹಳ್ಳಿ ಶಾಲೆಯ ಮೇಷ್ಟ್ರು, ತಲೆ ಮೇಲೆ ಹುಲ್ಲಿನ ದೊಡ್ಡ ಟೋಪಿ, ಸುಮಾರು 44,000 ಮತಗಳಿಂದ ಗೆದ್ದವರು. 2022ರ ಡಿಸೆಂಬರ್ 7ರ ಮಧ್ಯಾಹ್ನ ಅವರ ವಿರುದ್ಧ ಮೂರನೇ ನಿಲುವಳಿ ಇತ್ತು. ವಿರೋಧಿಗಳಿಗೆ 87 ಮತ ಸಿಗುವ ಖಾತ್ರಿಯೇ ಇರಲಿಲ್ಲ. ಸುಮ್ಮನೆ ಕೂತಿದ್ದರೆ ಸಾಕಿತ್ತು. ಮೇಷ್ಟ್ರು ಟಿವಿಗೆ ಬಂದು, ನಡುಗುವ ಕೈಯಲ್ಲಿ ಕಾಗದ ಹಿಡಿದು, ಸಂಸತ್ತು ವಿಸರ್ಜನೆ ಎಂದು ಓದಿದರು. ಸೇನೆ ಬರಲಿಲ್ಲ, ಪೊಲೀಸ್ ಬರಲಿಲ್ಲ, ಸಂಪುಟದವರೇ ರಾಜೀನಾಮೆ ಕೊಟ್ಟರು. ಖಾತ್ರಿಯಿಲ್ಲದ 87 ಕ್ಷಣದಲ್ಲಿ 101 ಆಯಿತು. ಮೆಕ್ಸಿಕೊ ರಾಯಭಾರ ಕಚೇರಿಗೆ ಓಡುತ್ತಿದ್ದಾಗ ಲಿಮಾದ ಟ್ರಾಫಿಕ್‌ನಲ್ಲಿ ಅವರ ಸ್ವಂತ ಅಂಗರಕ್ಷಕರೇ ಹಿಡಿದುಕೊಟ್ಟರು. ಕ್ಷಿಪ್ರಕ್ರಾಂತಿ ಮಾಡುವವರು ಕನಿಷ್ಠ ರಸ್ತೆಯಲ್ಲಿ ಗಾಡಿ ಎಷ್ಟಿದೆ ಅಂತಲಾದರೂ ನೋಡಿಕೊಳ್ಳಬಾರದೇ?

ಆಮೇಲೆ ಉಪಾಧ್ಯಕ್ಷೆ ದೀನಾ ಬೊಲುವಾರ್ತೆ. ಇವರ ಕೈಯಲ್ಲಿ ಮಿನುಗಿದ ರೋಲೆಕ್ಸ್‌ಗಳ ಬಗ್ಗೆ ಮೊದಲು ಹೇಳಿದ್ದು, 18ನೇ ವಯಸ್ಸಿನಿಂದ ದುಡಿದದ್ದರ ಫಲ ಎಂದು. ಪೊಲೀಸರು ಮನೆ ಬಾಗಿಲು ಒಡೆದು ಹುಡುಕಿದ ಮೇಲೆ, ಆಯಾಕುಚೊ ಗವರ್ನರ್ ಕೊಟ್ಟ ಕಡ ಎಂದಾಯಿತು. ನೆರೆಮನೆಯಿಂದ ಸಕ್ಕರೆ ಕಡ ತರುವುದು ಗೊತ್ತು, ಇದು ಹೊಸದು. ಜನಬೆಂಬಲ ಶೇ. 3ರ ಆಸುಪಾಸಿನಲ್ಲಿದ್ದಾಗ, 2025ರ ಜುಲೈನಲ್ಲಿ, ಅವರ ತಿಂಗಳ ಸಂಬಳ ಅಲ್ಲಿನ ಹಣದಲ್ಲಿ 15,600 ಸೋಲ್‌ನಿಂದ 35,568ಕ್ಕೆ ಏರಿತು. ಆಗ ದೇಶದ ಕನಿಷ್ಠ ವೇತನ 1,130.

ಗಡಿಯಾರ, ಸಂಬಳ, ನಗಬಹುದು. ಆದರೆ ಅವರು ಅಧಿಕಾರಕ್ಕೆ ಬಂದ ಎಂಟು ದಿನಕ್ಕೆ, ಡಿಸೆಂಬರ್ 15ರಂದು, ಆಯಾಕುಚೊದಲ್ಲಿ ಹತ್ತು ಜನ ಸತ್ತರು. ಜನವರಿ 9ರಂದು ಹುಲಿಯಾಕಾದಲ್ಲಿ ನಡೆದ ಗೋಲಿಬಾರಿಗೆ 18 ಜೀವ ಹೋದವು. ಹೆಚ್ಚಿನವರು ಬೆಟ್ಟದ ಸೀಮೆಯ ಬಡವರು, ಕೆಲವರು ಪ್ರತಿಭಟನೆಗೂ ಬಂದವರಲ್ಲ, ದಾರಿಯಲ್ಲಿ ಹೋಗುತ್ತಿದ್ದವರು. ಈ ಸಾವುಗಳಲ್ಲಿ ಸಂಸತ್ತಿಗೆ ನೈತಿಕ ಅಸಾಮರ್ಥ್ಯ ಕಾಣಲಿಲ್ಲ. ಸುಮಾರು ಮೂರು ವರ್ಷ ಕಾಣಲಿಲ್ಲ. 26 ಸಹಿ, 52 ಮತ, 87 ಮತ, ಎಲ್ಲಾ ಲೆಕ್ಕ ಬಲ್ಲವರಿಗೆ ಈ ಲೆಕ್ಕ ಬರಲಿಲ್ಲ. ಥೂ.

ಕಂಡದ್ದು ಯಾವಾಗ? 2025ರ ಅಕ್ಟೋಬರ್ 8ರಂದು ಲಿಮಾದ ಸಂಗೀತ ಕಛೇರಿಯೊಂದರಲ್ಲಿ ಬಂದೂಕುಧಾರಿಗಳು ಗುಂಡು ಹಾರಿಸಿದಾಗ. ಎರಡೇ ದಿನದಲ್ಲಿ, ನಡುರಾತ್ರಿ, ಅಪರಾಧ ತಡೆಯಲಾಗದ ಬೊಲುವಾರ್ತೆ ನೈತಿಕವಾಗಿ ಶಾಶ್ವತ ಅಸಮರ್ಥರು ಎಂದು ವಜಾ. ಸಂಘಟಿತ ಅಪರಾಧದ ತನಿಖೆಗೆ ಹಲ್ಲು ಕಿತ್ತ 2024ರ ಕಾನೂನನ್ನು ಪಾಸು ಮಾಡಿದ್ದು ಇದೇ ಸಂಸತ್ತು. ಚುನಾವಣೆಗೆ ಆರು ತಿಂಗಳಿತ್ತು. ಸಂಸತ್ತಿನ ಅಧ್ಯಕ್ಷ ಹೊಸೆ ಹೆರಿ ದೇಶದ ಅಧ್ಯಕ್ಷರಾದರು, 2016ರಿಂದ ಏಳನೆಯವರು.

2018ರಲ್ಲಿ, ಸಂಸತ್ತಿಗೆ ಎರಡನೇ ಸದನ ಬೇಕೇ ಎಂದು ಕೇಳಿದಾಗ ಶೇ. 90ರಷ್ಟು ಜನ ಬೇಡ ಎಂದಿದ್ದರು. 2024ರಲ್ಲಿ ಸಂಸತ್ತು ಯಾರನ್ನೂ ಕೇಳದೆ ಅದನ್ನು ತಂದುಕೊಂಡಿದೆ, ಮರು ಆಯ್ಕೆಯ ಅವಕಾಶವನ್ನೂ ಜೊತೆಗೆ ಸೇರಿಸಿಕೊಂಡಿದೆ. 2026ರ ಚುನಾವಣೆಗೆ 60 ಸೆನೆಟರುಗಳು, 130 ಪ್ರತಿನಿಧಿಗಳು, ಅಧ್ಯಕ್ಷ ಪದವಿಗೆ 30ಕ್ಕೂ ಹೆಚ್ಚು ಅಭ್ಯರ್ಥಿಗಳು. ಮತಪತ್ರ ಹಾಸಿಗೆ ಹೊದಿಕೆಯಷ್ಟಾದರೂ ಅಚ್ಚರಿಯಿಲ್ಲ. ಬಾರ್ಬಡಿಯೊದಲ್ಲಿ ಹೊಸ ಮಂಚಕ್ಕೆ ಹೊದಿಸಲು ಬಂತು.