ಗ್ರಾಮಫೋನಿನ ಶ್ರುತಿ ಕೆಡದಿರಲಿ

ಕೀಲಿ ಕೊಟ್ಟು ನುಡಿಸುವ ಹಳೆಯ ಗ್ರಾಮಫೋನುಗಳನ್ನು ಕೊಂಡು ದುರಸ್ತಿ ಮಾಡಿಸುವವರನ್ನು ಕಂಡಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಆದರೆ ಎಷ್ಟೋ ಕಡೆ ಈ ದುರಸ್ತಿ, ಪೆಟ್ಟಿಗೆಗೆ ಹೊಸ ಪಾಲಿಶ್ ಹೊಡೆಸಿ, ಥಳಥಳಿಸುವ ಹಿತ್ತಾಳೆಯ ಕೊಂಬು ಕೂರಿಸಿ, ಹಜಾರದ ಮೂಲೆಯಲ್ಲಿ ಇಡುವಲ್ಲಿಗೆ ಮುಗಿದುಹೋಗುತ್ತದೆ. ಸರಿಯಾದ ವೇಗದಲ್ಲಿ ತಿರುಗಿ ಹಾಡದ ಯಂತ್ರವನ್ನು ದುರಸ್ತಿಯಾದ ಯಂತ್ರವೆಂದು ಒಪ್ಪಿಕೊಳ್ಳಲು ನನಗೆ ಸಾಧ್ಯವಿಲ್ಲ.

ಕೊಂಬಿನ ಮೋಹ ಇನ್ನೊಂದು ಅನಾಹುತಕ್ಕೂ ದಾರಿ ಮಾಡಿದೆ. ಯಾವುದೋ ಪೋರ್ಟಬಲ್ ಗ್ರಾಮಫೋನಿನ ಮೋಟಾರು ಕಿತ್ತು, ಹೊಸದಾಗಿ ಮಾಡಿದ ಮರದ ಪೆಟ್ಟಿಗೆಯೊಳಗಿಟ್ಟು, ಮೇಲೊಂದು ಹಿತ್ತಾಳೆಯ ಕೊಂಬು ಹಚ್ಚಿ, ನಾಯಿಯ ಚಿತ್ರದ ಲೇಬಲ್ ಅಂಟಿಸಿ ನೂರು ವರ್ಷದ ಹಳೆಯದೆಂದು ಮಾರುವ ವ್ಯಾಪಾರ ನಮ್ಮ ದೇಶದಲ್ಲಿ ಬಹಳ ಕಾಲದಿಂದ ನಡೆದಿದೆ. ಹೀಗೆ ಬಲಿಯಾದವುಗಳಲ್ಲಿ ನಿಜವಾಗಿ ಒಳ್ಳೆಯ ಯಂತ್ರಗಳೂ ಇವೆ. ಅದೇ ನಾಯಿಯ ಗುರುತಿನ 'ಹಿಸ್ ಮಾಸ್ಟರ್ಸ್ ವಾಯ್ಸ್' ಹೆಸರಿನಲ್ಲಿ 1931ರಲ್ಲಿ ಬಂದ ಎಚ್‌ಎಂವಿ 102 ಎಂಬ ಕಪ್ಪು ಪೆಟ್ಟಿಗೆಯ ಮಾದರಿಯನ್ನೇ ನೋಡಿ. ಅದರ ಕೊಂಬು ಪೆಟ್ಟಿಗೆಯೊಳಗೇ ಅಡಗಿದೆ, ನೋಟಕ್ಕೆ ಸಾಧಾರಣ, ನಾದ ಮಾತ್ರ ತುಂಬು. ಅಂಥ ಪೆಟ್ಟಿಗೆಯೊಂದು ಯಾರದಾದರೂ ಅಟ್ಟದಲ್ಲಿದ್ದರೆ ಅದನ್ನು ಹಾಗೆಯೇ ಉಳಿಸಿಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ. ಮಾಸಿದ ಹೊದಿಕೆ, ಗೀರು ಬಿದ್ದ ಅಂಚು ಯಾವುದೂ ನಾದಕ್ಕೆ ಅಡ್ಡಿಯಲ್ಲ.

ಅಡ್ಡಿಯಾಗುವುದು ಒಳಗಿನ ಮುಪ್ಪು. ಮೋಟಾರಿನ ಶಕ್ತಿಯೆಲ್ಲ ಡಬ್ಬಿಯೊಳಗೆ ಸುರುಳಿ ಸುತ್ತಿದ ಉಕ್ಕಿನ ಪಟ್ಟಿಯಲ್ಲಿರುತ್ತದೆ. ಅದಕ್ಕೆ ಹಚ್ಚಿದ್ದ ಗ್ರಾಫೈಟ್ ಗ್ರೀಸು ದಶಕಗಳ ನಂತರ ಗಟ್ಟಿಯಾಗಿ, ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು, ಹಾಡಿನ ನಡುವೆ ಧಡ್ ಎಂದು ಬಿಡಿಸಿಕೊಳ್ಳುತ್ತವೆ. ಕೀಲಿ ಪೂರ್ತಿ ಇಳಿಯುವ ಮೊದಲು ಈ ಡಬ್ಬಿಗೆ ಕೈಹಾಕುವುದು ಅಪಾಯ; ಇಳಿದ ಮೇಲೂ, ಚಿಮ್ಮಿ ಬರುವ ಪಟ್ಟಿ ಕೈ ಸೀಳಬಲ್ಲದಾದ್ದರಿಂದ, ದಪ್ಪ ಕೈಗವಸಿಲ್ಲದೆ ತೆರೆಯಬಾರದು. ಇನ್ನು ಪ್ಲೇಟಿನ ಮೇಲೆ ಓಡುವ ಮುಳ್ಳಿನ ಕಂಪನವನ್ನು ಸದ್ದಾಗಿಸುವ, ಅಭ್ರಕದ ಪೊರೆಯಿರುವ ಹಳೆಯ ಸೌಂಡ್‌ಬಾಕ್ಸುಗಳಲ್ಲಿ ಪೊರೆಯನ್ನು ಎರಡೂ ಬದಿಯಿಂದ ಹಿಡಿದಿರುವ ರಬ್ಬರ್ ಬಳೆಗಳು ಕಲ್ಲಿನಂತಾಗಿರುತ್ತವೆ. ಅವನ್ನು ತೆಗೆದು ಮೆತ್ತನೆಯ ಹೊಸ ರಬ್ಬರ್ ಕೊಳವೆ ಹಾಕಿದರೆ ಕರಕರ ಸದ್ದು ಹೋಗಿ ಗಾಯಕರ ದನಿ ಮುಂದೆ ಬರುತ್ತದೆ.

ಇಷ್ಟನ್ನೂ ಮಾಡಿದವರು ಕೂಡ ಮೋಟಾರಿನ ವೇಗವನ್ನು ಹಿಡಿತದಲ್ಲಿಡುವ ಗವರ್ನರನ್ನು ಮರೆತುಬಿಡುತ್ತಾರೆ. ತೆಳುವಾದ ಮೂರು ಸ್ಪ್ರಿಂಗ್ ಪಟ್ಟಿಗಳ ನಡುವೆ ಮೂರು ಪುಟ್ಟ ಲೋಹದ ಗುಂಡುಗಳು. ವೇಗ ಏರಿದಂತೆ ಗುಂಡುಗಳು ಹೊರಕ್ಕೆ ಬಾಗುತ್ತವೆ, ಆಗ ಅವುಗಳಿಗೆ ಜೋಡಿಸಿದ ಬಿಲ್ಲೆ ಸರಿದು ಒಂದು ಮೆತ್ತೆಗೆ ಉಜ್ಜಿ ವೇಗವನ್ನು ತಡೆಯುತ್ತದೆ. ಈ ಮೆತ್ತೆ ಒಣಗಿದ್ದರೆ ಅಥವಾ ಒಂದು ಸ್ಪ್ರಿಂಗ್ ಪಟ್ಟಿ ಸೊಟ್ಟಗಾಗಿದ್ದರೆ, ಗಾಯಕರು ನಿಲ್ಲಿಸಿ ಹಿಡಿದ ಷಡ್ಜ ನಡುಗುತ್ತದೆ. ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗಬೇಕಾದಲ್ಲಿ 82 ಅಥವಾ 83 ತಿರುಗಿದರೆ ಶ್ರುತಿ ಸುಮಾರು ಅರ್ಧ ಮನೆ (ಹಾರ್ಮೋನಿಯಂನಲ್ಲಿ ಪಕ್ಕದ ಸ್ವರಕ್ಕೆ ಹೋದಷ್ಟು) ಮೇಲೇರುತ್ತದೆ. ಯಂತ್ರ ಚೆನ್ನಾಗಿ ಓಡುತ್ತಿದೆ ಎಂದು ಮನೆಯವರು ಹಿಗ್ಗುತ್ತಿರುವಾಗ ಹಾಡಿದವರ ಕಂಠವೇ ಬದಲಾಗಿರುತ್ತದೆ.

ಇದು ಎಷ್ಟು ದೊಡ್ಡ ನಷ್ಟವೆಂಬುದಕ್ಕೆ ಗಂಗೂಬಾಯಿ ಹಾನಗಲ್ ಅವರ ಮೊದಲ ಪ್ಲೇಟುಗಳೇ ಸಾಕ್ಷಿ. 1930ರ ದಶಕದಲ್ಲಿ ಎಚ್‌ಎಂವಿ ಅವರ ಗಾಯನವನ್ನು 'ಗಾಂಧಾರಿ' ಎಂಬ ಹೆಸರಿನಲ್ಲಿ ಹೊರತಂದಿತು. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವರ ದನಿ ಗಂಭೀರವಾಯಿತು. ನಾವು ಕಚೇರಿಗಳಲ್ಲೂ ಆಕಾಶವಾಣಿಯಲ್ಲೂ ಕೇಳಿ ಬೆಳೆದದ್ದು ಆ ದನಿಯನ್ನು. ಅದಕ್ಕೂ ಮೊದಲಿನ ತೆಳುವಾದ, ಎತ್ತರದ ಕಂಠ ಉಳಿದಿರುವುದು ಈ ಮೂರು ಮೂರು ನಿಮಿಷದ ಪ್ಲೇಟುಗಳಲ್ಲಿ. ಅಂಥದ್ದನ್ನು ವೇಗ ತಪ್ಪಿದ ಯಂತ್ರದಲ್ಲಿ ಕೇಳಿ, ಎಳೆಯ ವಯಸ್ಸಿನಲ್ಲಿ ಅವರು ಇಷ್ಟು ಎತ್ತರದಲ್ಲಿ ಹಾಡುತ್ತಿದ್ದರು ಎಂದು ತೀರ್ಮಾನಿಸುವುದು ಅವರಿಗೆ ಮಾಡುವ ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ವೇಗವನ್ನು ಪರೀಕ್ಷಿಸಲು ದುಬಾರಿ ಉಪಕರಣಗಳು ಬೇಕಿಲ್ಲ. ಪ್ಲೇಟಿನ ಅಂಚಿನಡಿ ಒಂದು ಕಾಗದದ ಚೂರು ಸಿಕ್ಕಿಸಿ, ಮುಳ್ಳು ಪ್ಲೇಟಿನ ಮೇಲಿರುವಾಗಲೇ ಒಂದು ನಿಮಿಷಕ್ಕೆ ಎಷ್ಟು ಸುತ್ತು ಬಂತೆಂದು ಎಣಿಸಿದರೆ ಸಾಕು. ಮುಳ್ಳಿನ ಭಾರವಿಲ್ಲದೆ ಎಣಿಸಿದರೆ ಲೆಕ್ಕ ತಪ್ಪುತ್ತದೆ. 1925ರಲ್ಲಿ ವಿದ್ಯುತ್ ಧ್ವನಿಮುದ್ರಣ ಬರುವುದಕ್ಕೆ ಮುಂಚಿನ ಪ್ಲೇಟುಗಳೆಲ್ಲ ಕರಾರುವಾಕ್ಕಾಗಿ 78ರಲ್ಲೇ ಮುದ್ರಣವಾದವಲ್ಲ. ಅಂಥ ಕಡೆ ಹಾರ್ಮೋನಿಯಂ ಎದುರಿಗಿಟ್ಟುಕೊಂಡು ಕಿವಿಯಿಂದಲೇ ಹೊಂದಿಸಿಕೊಳ್ಳಬೇಕಾಗುತ್ತದೆ.

ಪ್ಲೇಟುಗಳ ಬಗ್ಗೆ ಎರಡೇ ಮಾತು. ಅವುಗಳಲ್ಲಿ ಇರುವುದು ಅರಗು. ಸ್ಪಿರಿಟ್ ಹಾಕಿ ಒರೆಸಿದರೆ ಅರಗು ಕರಗಿ ಹಾಡು ಅಳಿಸಿಹೋಗುತ್ತದೆ. ಲೇಬಲ್ ನೆನೆಯದಂತೆ, ಸೌಮ್ಯ ಸೋಪಿನ ತಣ್ಣೀರಿನಲ್ಲಿ ಒರೆಸಿ. ಉಕ್ಕಿನ ಮುಳ್ಳನ್ನು ಪ್ರತಿ ಬದಿಗೂ ಬದಲಿಸಿ, ಏಕೆಂದರೆ ಮೂರು ನಿಮಿಷದಲ್ಲೇ ಅದರ ತುದಿ ಸವೆದು ಉಳಿಯಂತಾಗಿರುತ್ತದೆ, ಮತ್ತೆ ಬಳಸಿದರೆ ಗೆರೆಯನ್ನೇ ಕೆತ್ತಿ ತೆಗೆಯುತ್ತದೆ. ಅಜ್ಜನ ಕಾಲದ ಯಂತ್ರವನ್ನು ಮಾರಲೇಬೇಕಾಗಿ ಬಂದವರು ಮೊದಲು ಅದರ ಜೊತೆಗಿರುವ ಪ್ಲೇಟುಗಳ ಲೇಬಲ್ ಮೇಲಿನ ಹೆಸರು ಮತ್ತು ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ಇಲ್ಲಿ ಹಂಚಿಕೊಳ್ಳಿ; ಗುಜರಿಯವರ ಗಾಡಿಗೆ ಹಾಕುವ ಮುನ್ನ ನಮ್ಮಂಥವರು ಯಾರಾದರೂ ಬಂದು ಕೇಳಿಸಿಕೊಳ್ಳುತ್ತೇವೆ.